ಡೆಬ್ರೆ ಲಿಬಾನೋಸ್ ಮಠಕ್ಕೆ ಹೋಗಿಬಂದೆ, 1937ರಲ್ಲಿ ಅಲ್ಲಿ ನಡೆದದ್ದರ ಬಗ್ಗೆ ತಿಳಿದವರು ಹೇಳಿ

ಅಡಿಸ್_ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲೆ ಇಥಿಯೋಪಿಯಾದ ಅಡಿಸ್ ಅಬಾಬಾದಲ್ಲಿ ಇದ್ದೇನೆ. ಇಲ್ಲಿಂದ ಉತ್ತರಕ್ಕೆ, ಗೋಜಾಂ ಕಡೆ ಹೋಗುವ ಹೆದ್ದಾರಿಯಲ್ಲಿ ಸುಮಾರು 100 ಕಿ.ಮೀ. ದೂರದಲ್ಲಿ ಡೆಬ್ರೆ ಲಿಬಾನೋಸ್ ಎಂಬ ಮಠ ಇದೆ. 13ನೇ ಶತಮಾನದಲ್ಲಿ ಸಂತ ತೆಕ್ಲೆ ಹೈಮನೋತ್ ಸ್ಥಾಪಿಸಿದ್ದು. ಇಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರಿಗೆ ಬಹು ದೊಡ್ಡ ಯಾತ್ರಾಸ್ಥಳ. ಆಫೀಸಿನವರು ನನ್ನನ್ನು ಕಳಿಸಿದ್ದು ಮಾತ್ರ ಬೇರೆ ಕಾರಣಕ್ಕೆ: ಜೆಮ್ಮಾ ನದಿಯ ಕಣಿವೆ ನೋಡು, ಹುಲ್ಲು ಮೇಯುವ ಗೆಲಾಡಾ ಕೋತಿಗಳನ್ನು ನೋಡು, ಪೋರ್ಚುಗೀಸ್ ಸೇತುವೆ ನೋಡು ಅಂತ. (ಆ ಸೇತುವೆಗೆ ಹೆಸರು ಹಾಗಿದ್ದರೂ ಕಟ್ಟಿಸಿದ್ದು ಇಲ್ಲಿನವನೇ ಆದ ರಾಸ್ ಡಾರ್ಗೆ, 19ನೇ ಶತಮಾನದ ಕೊನೆಗೆ.)

ದಾರಿಯಲ್ಲಿ ಡ್ರೈವರ್ ಹೇಳಿದ, "ಇಟಲಿಯವರು ಈ ಮಠದ ಸನ್ಯಾಸಿಗಳನ್ನೆಲ್ಲ ಒಂದೇ ಸಲ ಕೊಂದರು." ಅಲ್ಲಿಗೆ ಹೋದ ಮೇಲೆ ಕೋತಿ, ಸೇತುವೆ ಎರಡೂ ತಲೆಯಿಂದ ಹೋದವು.

ಈಗಿರುವ ಚರ್ಚು ಚಕ್ರವರ್ತಿ ಹೈಲೆ ಸೆಲಾಸಿ ಕಾಲದ್ದು, 1960ರ ದಶಕದ ಆರಂಭದ್ದು. ಒಳಗೆ ಅಫೆವೆರ್ಕ್ ತೆಕ್ಲೆ ಮಾಡಿದ ಬಣ್ಣದ ಗಾಜಿನ ಕಿಟಕಿಗಳಿವೆ, ಬಿಸಿಲು ಬಿದ್ದಾಗ ನೆಲವೆಲ್ಲ ಬಣ್ಣ. ಕಣಿವೆಯ ಅಂಚಿನ ಕಡಿಬಂಡೆಯ ಕೆಳಗೆ ಮಠ ಇದೆ, ಮೇಲಕ್ಕೆ ಹತ್ತಿದರೆ ಸಂತರು ತಪಸ್ಸು ಮಾಡಿದ ಗುಹೆ, ಅಲ್ಲಿ ಪವಿತ್ರ ನೀರು. ವರ್ಷಗಟ್ಟಲೆ ನಿಂತೇ ಪ್ರಾರ್ಥಿಸಿ ಒಂದು ಕಾಲು ಕಳಚಿ ಬಿತ್ತು ಎಂದು ನಂಬಿಕೆ, ಚಿತ್ರಗಳಲ್ಲೆಲ್ಲ ಒಂಟಿಕಾಲು, ಬೆನ್ನಿಗೆ ರೆಕ್ಕೆ.

ಸತ್ತವರ ನೆನಪಿಗೆ ಸ್ಮಾರಕ ಇದೆ. ಆದರೆ ಕಥೆ ಹೇಳುವ ಫಲಕ, ಫೋಟೋ, ವಸ್ತು ಸಂಗ್ರಹ, ಅಂಥದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಒಬ್ಬ ವಯಸ್ಸಾದ ಪಾದ್ರಿಯನ್ನು ಕೇಳಿದೆ. "ಅವರು ಹುತಾತ್ಮರು, ಪ್ರಾರ್ಥನೆಯಲ್ಲಿ ಇದ್ದಾರೆ" ಅಂದವರು ಮುಂದೆ ಮಾತಾಡಲಿಲ್ಲ, ಕೈಯಲ್ಲಿದ್ದ ಶಿಲುಬೆಯನ್ನು ನನ್ನ ಹಣೆಗೆ ಮುಟ್ಟಿಸಿ ಹೊರಟುಹೋದರು. ಇಲ್ಲಿ ಯಾರಾದರೂ ಹೋಗಿದ್ದರೆ, ಓದಿದ್ದರೆ ಹೇಳಿ.

ಹಳೇ_ಮೇಷ್ಟ್ರು

ಒಳ್ಳೇ ವಿಷಯ ಎತ್ತಿದಿರಿ. ನಾನು ಆ ದೇಶದಲ್ಲಿ ಪಾಠ ಮಾಡಿದವನು. ಆಗ ಇಂಡಿಯಾದ ಮೇಷ್ಟ್ರುಗಳು ಅಲ್ಲಿ ಊರೂರಲ್ಲೂ ಇದ್ದರು, ಕೇರಳದವರು ಜಾಸ್ತಿ, ನಮ್ಮ ಕಡೆಯವರೂ ಇದ್ದೆವು. ಫೆಬ್ರವರಿಯಲ್ಲಿ ಒಂದು ರಜೆ ಬರುತ್ತಿತ್ತು, ಯೆಕಾತಿತ್ 12. ಅವರ ಪಂಚಾಂಗದ ತಿಂಗಳು ಅದು. ಎಲ್ಲ ಅಲ್ಲಿಂದಲೇ ಶುರು.

1935ರಲ್ಲಿ ಮುಸೊಲಿನಿಯ ಸೈನ್ಯ ಇಥಿಯೋಪಿಯಾಕ್ಕೆ ನುಗ್ಗಿತು. 1896ರಲ್ಲಿ ಅಡ್ವಾ ಯುದ್ಧದಲ್ಲಿ ಇದೇ ಇಥಿಯೋಪಿಯಾದ ಕೈಲಿ ಹೀನಾಯವಾಗಿ ಸೋತ ಉರಿ ಇಟಲಿಗೆ ಆರಿರಲಿಲ್ಲ. 1936ರ ಮೇ 5ಕ್ಕೆ ಅಡಿಸ್ ಅಬಾಬಾ ಬಿತ್ತು, ಚಕ್ರವರ್ತಿ ದೇಶ ಬಿಟ್ಟರು. ರೊಡೊಲ್ಫೊ ಗ್ರಾಜಿಯಾನಿ ವೈಸರಾಯ್ ಆದ. 1937ರ ಫೆಬ್ರವರಿ 19ರಂದು ಇಟಲಿಯ ರಾಜಮನೆತನದಲ್ಲಿ ಮಗು ಹುಟ್ಟಿದ ಸಂತೋಷಕ್ಕೆ ಅರಮನೆಯಲ್ಲಿ ಬಡವರಿಗೆ ದಾನ ಹಂಚುತ್ತಿದ್ದಾಗ ಅಬ್ರಹಾ ಡೆಬೊಚ್, ಮೊಗೆಸ್ ಅಸ್ಗೆಡೊಮ್ ಎಂಬ ಎರಿಟ್ರಿಯಾದ ಇಬ್ಬರು ಯುವಕರು ಗ್ರೆನೇಡ್ ಎಸೆದರು. ಗ್ರಾಜಿಯಾನಿ ಮೈತುಂಬ ಚೂರು ಹೊಕ್ಕು ಬದುಕಿಕೊಂಡ. ಆಮೇಲೆ ಮೂರು ದಿನ ಊರಲ್ಲಿ ಸಿಕ್ಕಸಿಕ್ಕವರನ್ನು ಕೊಂದರು, ಮನೆಗಳಿಗೆ ಬೆಂಕಿ ಇಟ್ಟರು. ಅಡಿಸ್‌ನಲ್ಲಿದ್ದೀರಲ್ಲ, ಸಿದಿಸ್ತ್ ಕಿಲೋ ವೃತ್ತದ ಎತ್ತರದ ಕಂಬ ಆ ಮೂರು ದಿನದ್ದೇ.

ಹಲ್ಲೆ ಮಾಡಿದವರಿಗೆ ಡೆಬ್ರೆ ಲಿಬಾನೋಸ್ ನಂಟಿದೆ ಎಂದು ಒಂದು ವರದಿ ತಯಾರಾಯಿತು. ತನಿಖೆ ಪೂರ್ತಿ ಮುಗಿಯಲಿ ಅಂತ ಗ್ರಾಜಿಯಾನಿ ಕಾಯಲಿಲ್ಲ. ಉಪಮಠಾಧಿಪತಿಯೂ ಸೇರಿ ಎಲ್ಲ ಸನ್ಯಾಸಿಗಳನ್ನೂ ಭೇದವಿಲ್ಲದೆ ಗುಂಡಿಟ್ಟು ಕೊಲ್ಲಿ ಎಂದು ಜನರಲ್ ಪಿಯೆಟ್ರೊ ಮಲೆಟ್ಟಿಗೆ ತಂತಿ ಕಳಿಸಿದ. ಮೇ 20 ಸಂತ ತೆಕ್ಲೆ ಹೈಮನೋತರ ಹಬ್ಬ, ದೂರದೂರದ ಸನ್ಯಾಸಿಗಳು, ಯಾತ್ರಿಕರು ಮಠಕ್ಕೆ ಬಂದು ಸೇರುವ ದಿನ. ಸೈನ್ಯ ಆ ಹೊತ್ತಿಗೇ ಮಠವನ್ನು ಸುತ್ತುಗಟ್ಟಿತ್ತು. ಮಾರನೇ ದಿನ, ಮೇ 21ಕ್ಕೆ, ಅವರನ್ನು ಲಾರಿಗಳಲ್ಲಿ ತುಂಬಿ ಲಾಗಾ ವೊಲ್ದೆ ಎಂಬ ಹಳ್ಳದ ದಂಡೆಗೆ ಒಯ್ದು, ಸಾಲಾಗಿ ಕೂರಿಸಿ, ಮೇಲೆ ಉದ್ದನೆಯ ದಪ್ಪ ಬಟ್ಟೆ ಹೊದೆಸಿ ಗುಂಡು ಹಾರಿಸಿದರು.

ಪ್ರಶ್ನೆಪತ್ರಿಕೆ

ಸತ್ತವರು ಎಷ್ಟು? ಅಂತರ್ಜಾಲದಲ್ಲಿ ಒಂದು ಕಡೆ 320, ಇನ್ನೊಂದು ಕಡೆ 449, ಮತ್ತೊಂದು ಕಡೆ 2,000 ಅಂತಿದೆ. ಮೂರೂ ಹೇಗೆ ಸರಿ ಆಗತ್ತೆ?

ಪುಸ್ತಕದ_ಹುಳ

ಮೊದಲಿನ ಎರಡು ಲೆಕ್ಕ ಕೊಂದವರು ಬರೆದಿಟ್ಟದ್ದು. ಗ್ರಾಜಿಯಾನಿ ರೋಮ್‌ಗೆ ಕಳಿಸಿದ ತಂತಿಯಲ್ಲಿ 297 ಸನ್ಯಾಸಿಗಳು, ಅವರ ಜೊತೆ ಶಾಮೀಲು ಎನ್ನಲಾದ 23 ಗೃಹಸ್ಥರು. ಒಟ್ಟು 320. ಚಿಕ್ಕ ವಯಸ್ಸಿನ ಡೀಕನ್‌ಗಳನ್ನು, ಅಂದರೆ ಪಾದ್ರಿ ಆಗಲು ಕಲಿಯುತ್ತಿದ್ದವರನ್ನು, ಮೊದಲು ಬಿಟ್ಟಿದ್ದರು. ಕೆಲವೇ ದಿನಗಳಲ್ಲಿ ಮನಸ್ಸು ಬದಲಾಯಿತು. ಡೆಬ್ರೆ ಬರ್ಹಾನ್ ಹತ್ತಿರ ಎಂಗೆಚಾ ಎಂಬಲ್ಲಿ 129 ಡೀಕನ್‌ಗಳನ್ನೂ ಕೊಂದದ್ದಾಗಿ ಇನ್ನೊಂದು ತಂತಿ. ಕೂಡಿದರೆ 449.

ಮೂರನೆಯದು ಬೇರೆ ಮೂಲದ್ದು. ಇತಿಹಾಸಕಾರ ಇಯನ್ ಕ್ಯಾಂಪ್‌ಬೆಲ್, ಇಥಿಯೋಪಿಯಾದ ಸಂಶೋಧಕ ದೆಗಿಫೆ ಗೆಬ್ರೆ ತ್ಸಾದಿಕ್ ಇಬ್ಬರೂ 1990ರ ದಶಕದಲ್ಲಿ ಆ ಜಾಗಗಳಿಗೇ ಹೋಗಿ, ಕಣ್ಣಾರೆ ಕಂಡ ಮುದುಕರನ್ನು ಹುಡುಕಿ ಮಾತಾಡಿಸಿದರು. ಅವರ ಅಂದಾಜು 1,400ರಿಂದ 2,000ದ ಆಸುಪಾಸು. ಹಬ್ಬಕ್ಕೆ ಬಂದ ಹೊರಮಠಗಳ ಸನ್ಯಾಸಿಗಳು, ಯಾತ್ರಿಕರು ಇಟಲಿಯ ಲೆಕ್ಕಕ್ಕೆ ಸೇರಿಲ್ಲ ಅನ್ನುವುದು ಅವರ ವಾದ. ನನಗೆ ಆ ವಾದ ಒಪ್ಪಿಗೆ. ಕೊಂದವನು ತನ್ನ ಮೇಲಧಿಕಾರಿಗೆ ಬರೆದ ಪತ್ರದಲ್ಲಿ ಹೆಣಗಳ ಸಂಖ್ಯೆ ಬಿಡಿ ಬಿಡಿಯಾಗಿ ಕರಾರುವಾಕ್ಕಾಗಿ ಇದೆ ಅಂದ ಮಾತ್ರಕ್ಕೆ ಅದೇ ಪೂರ್ತಿ ಲೆಕ್ಕ ಆಗುವುದಿಲ್ಲ.

ನೇರ_ನುಡಿ

ಒಂದು ವಿಷಯ ಯಾರೂ ಬಾಯಿ ಬಿಡ್ತಿಲ್ಲ. ಗುಂಡು ಹಾರಿಸಿದ ಸೈನಿಕರು ಮುಸ್ಲಿಮರು ಅಂತ ಓದಿದ್ದೀನಿ. ಅದನ್ನೂ ಹೇಳಿ ಮೇಷ್ಟ್ರೇ.

ಹಳೇ_ಮೇಷ್ಟ್ರು

ಹೇಳುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಇಟಲಿಯ ವಸಾಹತು ಸೈನಿಕರಿಗೆ ಅಸ್ಕರಿ ಅನ್ನುತ್ತಿದ್ದರು. ಅವರಲ್ಲಿ ಎರಿಟ್ರಿಯಾದ ಕ್ರೈಸ್ತರು ಬಹಳ ಇದ್ದರು, ಮುಸ್ಲಿಮರೂ ಇದ್ದರು. ಈ ಕೆಲಸಕ್ಕೆ ಮಲೆಟ್ಟಿ ಮುಸ್ಲಿಂ ಸೈನಿಕರ ಪಡೆಯನ್ನು ಆರಿಸಿಕೊಂಡ. ಕ್ರೈಸ್ತ ಸೈನಿಕರು ತಮ್ಮದೇ ಮಠದ ಸನ್ಯಾಸಿಗಳ ಮೇಲೆ ಬಂದೂಕು ಎತ್ತಲಾರರು ಎಂಬ ಲೆಕ್ಕಾಚಾರ. ಆಜ್ಞೆ ಕೊಟ್ಟವನು ಇಟಲಿಯವನು, ಲಾರಿ ತರಿಸಿದವನು ಇಟಲಿಯವನು, ಜಾಗ ಗೊತ್ತು ಮಾಡಿದವನೂ ಇಟಲಿಯವನು. ಒಂದು ಜನದ ಕೈಯಿಂದ ಇನ್ನೊಂದು ಜನವನ್ನು ಕೊಲ್ಲಿಸುವುದು ವಸಾಹತಿನವರ ಹಳೇ ಕಸುಬು.

ಇದೇ ಗ್ರಾಜಿಯಾನಿ ಅದಕ್ಕೂ ಮುಂಚೆ ಲಿಬಿಯಾದಲ್ಲಿ ಏನು ಮಾಡಿದ್ದ ಗೊತ್ತಾ? ಅಲ್ಲಿನ ಮುಸ್ಲಿಂ ಜನರನ್ನು ಹೆಂಗಸರು ಮಕ್ಕಳ ಸಮೇತ ಮರಳುಗಾಡಿನ ಶಿಬಿರಗಳಿಗೆ ಅಟ್ಟಿ ಸಾಯಿಸಿದ. ಅವರ ನಾಯಕ ಒಮರ್ ಮುಖ್ತಾರ್, 70 ದಾಟಿದ ಮುದುಕ, ಕುರಾನ್ ಪಾಠ ಹೇಳುತ್ತಿದ್ದವನು. 1931ರಲ್ಲಿ ಅವನನ್ನು ಶಿಬಿರದ ಜನರೆದುರೇ ಗಲ್ಲಿಗೇರಿಸಿದ. ಅಲ್ಲಿ ಗುಂಡು ಹೊಡೆಯಲು ಎರಿಟ್ರಿಯಾದ ಕ್ರೈಸ್ತ ಅಸ್ಕರಿಗಳನ್ನು ಬಳಸಿದ್ದರು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ನೇರ_ನುಡಿ

ಸರಿ, ಲಿಬಿಯಾ ವಿಷಯ ಗೊತ್ತಿರಲಿಲ್ಲ. ಆದರೂ ಮಠದವರ ಮೇಲೇ ಯಾಕೆ ಇಷ್ಟು ಸಿಟ್ಟು? ಇಟಲಿಯವರೂ ಕ್ರೈಸ್ತರೇ ಅಲ್ವಾ?

ಪುಸ್ತಕದ_ಹುಳ

ಕ್ರೈಸ್ತರೇ. ಆದರೆ ಅವರು ರೋಮ್‌ನ ಕ್ಯಾಥೊಲಿಕ್ಕರು, ಇವರದು ಅಲೆಕ್ಸಾಂಡ್ರಿಯಾದ ಪರಂಪರೆ. ಇಥಿಯೋಪಿಯಾದ ಕ್ರೈಸ್ತ ಸಭೆಗೆ ಮುಖ್ಯ ಬಿಷಪ್ ಶತಮಾನಗಳಿಂದ ಈಜಿಪ್ಟ್‌ನಿಂದ ಬರುತ್ತಿದ್ದ. ಹೀಗಾಗಿ ನೆಲದವರಲ್ಲಿ ಅತಿ ದೊಡ್ಡ ಸ್ಥಾನ ಅಂದರೆ ಡೆಬ್ರೆ ಲಿಬಾನೋಸ್ ಮಠದ ಮುಖ್ಯಸ್ಥನದು, ಇಚೆಗೆ ಅನ್ನುತ್ತಾರೆ. ಅರಮನೆಗೂ ಮಠಕ್ಕೂ ಬಹಳ ಹತ್ತಿರದ ಸಂಬಂಧ. ದೇಶ ಕಳಕೊಂಡ ಜನಕ್ಕೆ ಉಳಿದ ಅಧಿಕಾರಪೀಠ ಅದೊಂದೇ ಆಗಿತ್ತು. ಅದನ್ನು ಮುರಿದರೆ ಪ್ರತಿರೋಧದ ಬೆನ್ನುಮೂಳೆ ಮುರಿಯುತ್ತದೆ ಅಂದುಕೊಂಡರು. 1936ರಲ್ಲೇ ಆಬುನ ಪೆಟ್ರೋಸ್ ಎಂಬ ಬಿಷಪ್ಪರನ್ನು ಅಡಿಸ್‌ನಲ್ಲಿ ಬಹಿರಂಗವಾಗಿ ಗುಂಡಿಕ್ಕಿ ಕೊಂದಿದ್ದರು, ಇಟಲಿಯ ಆಳ್ವಿಕೆಯನ್ನು ಒಪ್ಪಲಿಲ್ಲ ಅಂತ.

ಮುರಿಯಿತಾ ಅಂದರೆ, ಇಲ್ಲ. ಆಗಿನ ಇಚೆಗೆ ಚಕ್ರವರ್ತಿಯ ಜೊತೆ ಹೊರಟು ಜೆರುಸಲೇಮಿನಲ್ಲಿದ್ದರು, ಹಾಗಾಗಿ ಬದುಕಿದರು. 1959ರಲ್ಲಿ ಇಥಿಯೋಪಿಯಾದ ಸಭೆ ಸ್ವತಂತ್ರವಾದಾಗ ಮೊದಲ ಪೇಟ್ರಿಯಾರ್ಕ್, ಅಂದರೆ ಸಭೆಯ ಮುಖ್ಯಸ್ಥ, ಆದವರು ಅವರೇ, ಆಬುನ ಬಸಿಲಿಯೋಸ್.

ಬೆಳಗಾವಿ_ಮಂದಿ

ನಂದೊಂದು ಮಾತು ಸೇರಸ್ತೀನ್ರಿ. ಮಲೆಟ್ಟಿ ಅಂದ್ರಲ್ಲ, ಅವನ ಕಥಿ ಮುಂದ ಏನಾತು ಗೊತ್ತೈತೇನು? 1940ರ ಡಿಸೆಂಬರ್ 9ಕ್ಕ ಈಜಿಪ್ಟಿನ ನಿಬೈವಾ ಶಿಬಿರದಾಗ ಸತ್ತ. ಬೆಳಕು ಹರಿಯೋ ಹೊತ್ತಿಗೆ ಶಿಬಿರಕ್ಕ ನುಗ್ಗಿದ್ದು ಬ್ರಿಟಿಷರ ಟ್ಯಾಂಕು ಮತ್ತ ನಮ್ಮ 4ನೇ ಇಂಡಿಯನ್ ಡಿವಿಜನ್! ಅದ ಡಿವಿಜನ್ ಅಲ್ಲಿಂದ ಎರಿಟ್ರಿಯಾಕ್ಕ ಹೋಗಿ ಕೆರೆನ್ ಗುಡ್ಡದ ಮ್ಯಾಲೆ ಇಟಲಿಯವರ ಜೋಡಿ ಕಾದಾಡಿತು. ಅಲ್ಲಿ 5ನೇ ಡಿವಿಜನ್ನಿನೊಳಗ ಮರಾಠಾ ಲೈಟ್ ಇನ್‌ಫೆಂಟ್ರಿ ಇತ್ತು. ರೆಜಿಮೆಂಟಲ್ ಸೆಂಟರ್ ನಮ್ಮೂರಾಗ ಐತ್ರಿ, ಕ್ಯಾಂಪ್ ಕಡೆ ಹೋದವರಿಗೆ ಗೊತ್ತಿರತೈತಿ. 1941ರ ಮಾರ್ಚಿನಾಗ ಕೆರೆನ್ ಬಿತ್ತು, ಮೇ 5ಕ್ಕ ಹೈಲೆ ಸೆಲಾಸಿ ವಾಪಸ್ ಅಡಿಸ್‌ಗೆ ಬಂದ್ರು. ಸರಿಯಾಗಿ ಐದು ವರ್ಷ. ಬ್ರಿಟಿಷರ ಯುದ್ಧ ಅಂತ ಹೇಳಿ ಬಿಟ್ಟುಬಿಡ್ತೀವಿ, ಆದ್ರ ಆ ಗುಡ್ಡದಾಗ ಸತ್ತಾವ್ರು ನಮ್ಮ ಹುಡುಗ್ರು.

ರಾಗಿಮುದ್ದೆ

ಮಲೆಟ್ಟಿ ಸತ್ತ, ಸರಿ. ಗ್ರಾಜಿಯಾನಿಗೆ ಶಿಕ್ಷೆ ಆಯ್ತಾ?

ಪುಸ್ತಕದ_ಹುಳ

ಇಥಿಯೋಪಿಯಾದ ವಿಷಯಕ್ಕೆ ಒಂದು ದಿನದ ಶಿಕ್ಷೆಯೂ ಆಗಲಿಲ್ಲ. ಯುದ್ಧ ಮುಗಿದ ಮೇಲೆ ಅವನನ್ನೂ ಸೇರಿಸಿ ಕೆಲವು ಇಟಲಿಯವರ ಮೇಲೆ ವಿಚಾರಣೆ ನಡೆಯಬೇಕೆಂದು ಇಥಿಯೋಪಿಯಾ ಬಡಕೊಂಡಿತು. ವಿಶ್ವಸಂಸ್ಥೆಯ ಯುದ್ಧಾಪರಾಧ ಆಯೋಗ ಮೇಲ್ನೋಟಕ್ಕೆ ಪುರಾವೆ ಇದೆ ಅಂತಲೂ ಒಪ್ಪಿತು. ಮುಂದಕ್ಕೆ ಹೋಗಲಿಲ್ಲ. 1950ರಲ್ಲಿ ಇಟಲಿಯ ಕೋರ್ಟು ಅವನಿಗೆ 19 ವರ್ಷ ವಿಧಿಸಿತು, ಅದು ನಾಜಿಗಳ ಜೊತೆ ಕೈಜೋಡಿಸಿದ್ದಕ್ಕೆ. ಅದರಲ್ಲೂ ಕೆಲವೇ ತಿಂಗಳಲ್ಲಿ ಹೊರಗೆ ಬಂದ. 1955ರಲ್ಲಿ ತನ್ನ ಪಾಡಿಗೆ ಸತ್ತ.

ಇನ್ನೂ ಇದೆ. 2012ರಲ್ಲಿ ರೋಮ್ ಹತ್ತಿರ ಅಫಿಲೆ ಎಂಬ ಊರಲ್ಲಿ ಅವನ ಹೆಸರಿನಲ್ಲಿ ಸ್ಮಾರಕ ಕಟ್ಟಿದರು, ಅದೂ ಸಾರ್ವಜನಿಕರ ದುಡ್ಡಿನಲ್ಲಿ! ಇಥಿಯೋಪಿಯಾದವರೂ ಇಟಲಿಯ ಹಲವರೂ ಬೀದಿಗಿಳಿದರು.

ಕಡಲತಡಿ

ಅಡಿಸ್‌ನವರು ಮೊದಲ ಪೋಸ್ಟಿನಲ್ಲಿ ಹೇಳಿದ್ದು ನನಗೆ ತಲೆಯಲ್ಲೇ ಕೂತಿದೆ ಮಾರಾಯ್ರೆ, ಮಠದಲ್ಲಿ ಏನನ್ನೂ ತೋರಿಸಿಲ್ಲ ಅನ್ನುವುದು. ನಾನು ಶ್ರೀಲಂಕಾದಲ್ಲಿ ಅಂಪಾರ ಹತ್ತಿರ ಅರಂತಲಾವಕ್ಕೆ ಹೋಗಿದ್ದೆ. 1987ರ ಜೂನ್ 2ರಂದು ಬಸ್ಸಿನಲ್ಲಿ ಹೊರಟಿದ್ದ 33 ಬೌದ್ಧ ಭಿಕ್ಷುಗಳನ್ನು ಅಲ್ಲಿ ಎಲ್‌ಟಿಟಿಇ ಕೊಂದಿತು. ಹೆಚ್ಚಿನವರು ಎಳೆಯ ಹುಡುಗರು, ಸಾಮಣೇರರು. ಅಲ್ಲಿ ಆ ಬಸ್ಸನ್ನೇ ಇಟ್ಟಿದ್ದಾರೆ, ಒಳಗೆ ಭಿಕ್ಷುಗಳ ಗೊಂಬೆ, ಕಡಿಯುವವರ ಗೊಂಬೆ, ರಕ್ತದ ಬಣ್ಣ, ಎಲ್ಲ. ನನ್ನ ಮಗಳು ಹೆದರಿ ಹೊರಗೆ ಓಡಿದಳು. ಶಾಲೆ ಮಕ್ಕಳನ್ನು ಸಾಲಾಗಿ ಕರೆತಂದು ತೋರಿಸುತ್ತಿದ್ದರು. ಭಕ್ತಿಯಿಂದ ಹೂವಿಡುವವರೂ ಇದ್ದರು, ಇಲ್ಲ ಅಂತ ಅಲ್ಲ. ಆದರೆ ಹೊರಗೆ ಬರುವಾಗ ಸತ್ತವರಿಗಿಂತ ಕೊಂದವರ ಮೇಲೇ ಮನಸ್ಸು ನಿಂತಿತ್ತು. ಹಾಗೆ ಆಗಲಿ ಅಂತಲೇ ಮಾಡಿದ್ದಾ ಅಂತ ಈಗಲೂ ಅನುಮಾನ ನನಗೆ.

ಪ್ರಶ್ನೆಪತ್ರಿಕೆ

ತೋರಿಸದೇ ಇದ್ದರೆ ಮುಂದಿನವರಿಗೆ ಗೊತ್ತಾಗೋದು ಹೇಗೆ? ಮೊದಲ ಪೋಸ್ಟ್ ಹಾಕಿದವರೇ ಡ್ರೈವರ್ ಹೇಳಿದ್ದರಿಂದ ತಿಳಿದದ್ದು. ಡ್ರೈವರ್ ಸುಮ್ಮನಿದ್ದಿದ್ದರೆ ಕೋತಿ ಫೋಟೋ ತೆಗೆದುಕೊಂಡು ಬರ್ತಿದ್ದರು.

ಅಡಿಸ್_ಕನ್ನಡಿಗ

ಅದು ನಿಜ, ತಕರಾರಿಲ್ಲ. ಆದರೆ ನಾನು ಹೊರಗಿನವನು. ಆ ಡ್ರೈವರ್‌ಗೆ ಹೇಳಿದ್ದು ಅವನ ಅಜ್ಜಿಯಂತೆ, ಅವನಿಗೆ ಫಲಕ ಬೇಕಾಗಿಲ್ಲ. ಆ ಮಠ ಈಗಲೂ ನಡೆಯುತ್ತಿರುವ ಮಠ. ಬೆಳಗಿನ ಜಾವದಿಂದ ಪಠಣ ಕೇಳುತ್ತದೆ, ಹಳದಿ ಬಟ್ಟೆ, ತಲೆಗೆ ಟೋಪಿ ಹಾಕಿದ ಸನ್ಯಾಸಿಗಳು ಓಡಾಡುತ್ತಾರೆ, ಹುಡುಗರು ಗೀಝ್ ಭಾಷೆಯಲ್ಲಿ ಪಾಠ ಒಪ್ಪಿಸುತ್ತಾರೆ. ಕಾಯಿಲೆಯವರು ಪವಿತ್ರ ನೀರಿಗೆ ಅಂತ ವಾರಗಟ್ಟಲೆ ಬಂದು ಉಳಿಯುತ್ತಾರೆ. ಗ್ರಾಜಿಯಾನಿ ಇಲ್ಲಿ ಇಲ್ಲವಾಗಿಸಬೇಕು ಅಂದದ್ದು ಇದನ್ನೇ ತಾನೆ? 129 ಡೀಕನ್‌ಗಳ ವಿಷಯ ಮೇಲೆ ಓದಿದ ಮೇಲೆ ಆ ಪಾಠದ ಹುಡುಗರು ಬೇರೆ ಥರ ಕಾಣುತ್ತಿದ್ದಾರೆ. ಮಠದ ಮಟ್ಟಿಗೆ ಅಷ್ಟು ಸಾಕು ಅನ್ನಿಸುತ್ತದೆ. ಪುರಾವೆ, ಹೆಸರು, ಸಂಖ್ಯೆ ಇವನ್ನೆಲ್ಲ ಇಡಬೇಕಾದ ಜಾಗ ಅಡಿಸ್‌ನ ಮ್ಯೂಸಿಯಂ, ಇನ್ನೂ ಹೇಳಬೇಕೆಂದರೆ ರೋಮ್‌ನ ಶಾಲಾಪುಸ್ತಕ.

ಪ್ರಶ್ನೆಪತ್ರಿಕೆ

ರೋಮ್‌ನ ಶಾಲಾಪುಸ್ತಕ, ಇದಕ್ಕೆ ನನ್ನ ವೋಟು. ಆದರೂ ಲಾಗಾ ವೊಲ್ದೆಯಲ್ಲಿ ಒಂದು ಫಲಕ ಇದ್ದರೆ ಯಾರಿಗೂ ನಷ್ಟ ಇಲ್ಲ ಅನ್ನೋ ನನ್ನ ಮಾತು ಹಿಂದೆ ತಗೊಳ್ಳಲ್ಲ.

ಯಲ್ಲಾಪುರ_ಕಾಡು

ನಮ್ಮ ಕಡೆಯ ಸಿದ್ದಿ ಜನ ಇಥಿಯೋಪಿಯಾದವರೇ ಅಲ್ವಾ? ಇಲ್ಲಿ ಯಾರೂ ಹೇಳಲಿಲ್ಲ.

ಹಳೇ_ಮೇಷ್ಟ್ರು

ವಿಜಾಪುರದ ಆದಿಲ್‌ಶಾಹಿ ದರಬಾರಿನಲ್ಲಿ ದೊಡ್ಡ ಹುದ್ದೆಗೇರಿದ ಇಖ್ಲಾಸ್ ಖಾನನಂಥವರು ಹಬ್ಶಿಗಳು, ಅಂದರೆ ಆ ಕಡೆಯ ಮೂಲದವರು. ಉತ್ತರ ಕನ್ನಡದ ಸಿದ್ದಿಗಳ ಹಿರೀಕರು ಬಹುಪಾಲು ಇನ್ನೂ ದಕ್ಷಿಣದ ಪೂರ್ವ ಆಫ್ರಿಕಾದಿಂದ, ಪೋರ್ಚುಗೀಸರ ಗೋವಾ ಮೂಲಕ ಬಂದವರು. ಅದು ಬೇರೆಯೇ ಕಥೆ, ಇನ್ನೊಂದು ಚರ್ಚೆ ಶುರು ಮಾಡಿ, ಬರುತ್ತೇನೆ.

ಹೆಜ್ಜೆಗುರುತು

ನಾನೂ ಗಂಡನೂ ಮುಂದಿನ ವರ್ಷ ಇಥಿಯೋಪಿಯಾಕ್ಕೆ ಹೋಗೋ ಯೋಚನೆಯಲ್ಲಿದ್ದೇವೆ. ಹೆಂಗಸರನ್ನು ಒಳಗೆ ಬಿಡ್ತಾರಾ? ಊಟ? ನಾವು ಸಸ್ಯಾಹಾರಿಗಳು. ಮೇ 20ರ ಹಬ್ಬಕ್ಕೆ ಹೋದರೆ ಒಳ್ಳೇದಾ?

ಅಡಿಸ್_ಕನ್ನಡಿಗ

ಅಕ್ಕಾ, ಬಿಡ್ತಾರೆ. ಕೆಲವು ಮಠಗಳಲ್ಲಿ ಹೆಂಗಸರಿಗೆ ಪ್ರವೇಶ ಇಲ್ಲ, ಇಲ್ಲಿ ಇದೆ. ಚರ್ಚಿನೊಳಗೆ ಗಂಡಸರ ಕಡೆ ಬೇರೆ, ಹೆಂಗಸರ ಕಡೆ ಬೇರೆ. ಚಪ್ಪಲಿ ಹೊರಗೆ ಬಿಡಬೇಕು, ತಲೆ ಮೇಲೆ ಬಟ್ಟೆ ಇರಬೇಕು. ನೆಟೆಲಾ ಅನ್ನುವ ತೆಳು ಬಿಳಿ ಶಾಲು ಅಡಿಸ್‌ನ ಶಿರೊ ಮೇಡಾ ಮಾರ್ಕೆಟ್ಟಲ್ಲಿ ಸಿಗತ್ತೆ, ಒಂದು ತಗೊಳ್ಳಿ. ಮುಟ್ಟಿನ ದಿನಗಳಲ್ಲಿ ಅಲ್ಲಿನ ಹೆಂಗಸರು ಒಳಗೆ ಹೋಗುವುದಿಲ್ಲ, ಆವರಣದಲ್ಲೇ ನಿಂತು ಪ್ರಾರ್ಥಿಸುತ್ತಾರೆ. ಫೋಟೋಗೆ ಮೊದಲು ಕೇಳಿ. ಪವಿತ್ರ ನೀರಿನ ಹತ್ತಿರ ಜನ ಸ್ನಾನ ಮಾಡುತ್ತಿರುತ್ತಾರೆ, ಅಲ್ಲಿ ಮೊಬೈಲ್ ತೆಗೆಯಲೇ ಬೇಡಿ.

ಊಟದ ಚಿಂತೆ ಬಿಡಿ. ಬುಧವಾರ, ಶುಕ್ರವಾರ ಅವರಿಗೆ ಉಪವಾಸ, ಅಂದರೆ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. "ಯೆತ್ಸೋಮ್ ಬೆಯಾಯ್ನೆತು" ಅಂತ ಕೇಳಿದರೆ ಇಂಜೆರಾ ಮೇಲೆ ಬೇಳೆ, ಶಿರೊ (ಕಡಲೆ ಹಿಟ್ಟಿನ ಗೊಜ್ಜು), ಸೊಪ್ಪು, ಬೀಟ್‌ರೂಟ್ ಎಲ್ಲ ಹಾಕಿ ಕೊಡ್ತಾರೆ. ಇಂಜೆರಾ ಅಂದರೆ ಮೂರು ದಿನದ ಹಿಟ್ಟಲ್ಲಿ ಹುಯ್ದ ಸೆಟ್ ದೋಸೆ ಅಂದುಕೊಳ್ಳಿ, ಎರಡನೇ ಊಟಕ್ಕೆ ಒಗ್ಗತ್ತೆ. ಈಸ್ಟರ್‌ಗೆ ಮುಂಚಿನ 55 ದಿನ ಪೂರ್ತಿ ಉಪವಾಸ, ಆಗ ಬಂದರೆ ನಿಮಗೇ ಅನುಕೂಲ.

ಹಬ್ಬದ ದಿನ ಜನಸಾಗರ. ನೋಡಬೇಕು ಅನ್ನಿಸಿದರೆ ಹೋಗಿ, ಆದರೆ ಸಮಾಧಾನವಾಗಿ ನಿಲ್ಲಲು ಜಾಗ ಸಿಗಲ್ಲ. ನನ್ನ ಕೇಳಿದರೆ ಬೇರೆ ಯಾವುದಾದರೂ ವಾರದ ದಿನ ಬೆಳಿಗ್ಗೆ ಬೇಗ ಹೊರಟು ಕತ್ತಲಾಗುವ ಮುಂಚೆ ಅಡಿಸ್ ಸೇರಿಕೊಳ್ಳಿ.

ಬೆಳಗಾವಿ_ಮಂದಿ

ಆ ರಸ್ತಾ ಈಗ ಸುರಕ್ಷಿತ ಐತೇನ್ರಿ? ಸುದ್ದಿ ನೋಡಿದ್ರ ಹೆದರಿಕಿ ಬರತೈತಿ.

ಅಡಿಸ್_ಕನ್ನಡಿಗ

ಅದನ್ನು ಮೊದಲೇ ಬರೆಯಬೇಕಿತ್ತು. ಮಠದಿಂದ ಇನ್ನೂ ಮುಂದೆ, ಗೆಬ್ರೆ ಗುರಾಚಾ ಕಡೆ, 2024ರ ಜುಲೈಯಲ್ಲಿ ವಿದ್ಯಾರ್ಥಿಗಳಿದ್ದ ಬಸ್ಸನ್ನು ತಡೆದು ಅಪಹರಣ ಮಾಡಿದ್ದರು. ಒರೊಮಿಯಾ, ಅಮ್ಹಾರಾ ಎರಡೂ ಕಡೆ ಸರ್ಕಾರಿ ಸೈನ್ಯಕ್ಕೂ ಸಶಸ್ತ್ರ ಗುಂಪುಗಳಿಗೂ ಕಾದಾಟ ನಡೆದಿದೆ, ಮಠ ಇರುವುದು ಒರೊಮಿಯಾದಲ್ಲಿ. ಹೀಗಾಗಿ ಒಂದು ವಾರ ರಸ್ತೆ ಸರಿ ಇರತ್ತೆ, ಮುಂದಿನ ವಾರ ಡ್ರೈವರ್‌ಗಳೇ ಒಲ್ಲೆ ಅಂತಾರೆ. ಒಲ್ಲೆ ಅಂದರೆ ದುಡ್ಡು ಜಾಸ್ತಿ ಕೊಡ್ತೀನಿ ಅಂತ ಒತ್ತಾಯ ಮಾಡಬೇಡಿ. ಹೊರಡುವ ಮುಂಚೆ ಭಾರತದ ರಾಯಭಾರ ಕಚೇರಿಯ ಸೂಚನೆ ನೋಡಿ, ಹೋಟೆಲಿನವರನ್ನೂ ಕೇಳಿ.

ಹೆಜ್ಜೆಗುರುತು

ರಸ್ತೆ ಮುಚ್ಚಿದ್ದರೆ?

ಹಳೇ_ಮೇಷ್ಟ್ರು

ಆಗ ಅಡಿಸ್‌ನಲ್ಲೇ ಸಿದಿಸ್ತ್ ಕಿಲೋಗೆ ಹೋಗಿ ತಾಯಿ. ಸ್ಮಾರಕದ ಎದುರಿನ ವಿಶ್ವವಿದ್ಯಾಲಯದ ಆವರಣದಲ್ಲೇ ಆ ದಿನ ಗ್ರೆನೇಡ್ ಬಿದ್ದ ಅರಮನೆ ಇದೆ, ಈಗ ಮ್ಯೂಸಿಯಂ. ಅಲ್ಲಿಂದ ಆಬುನ ಪೆಟ್ರೋಸರ ಪ್ರತಿಮೆಗೆ ಟ್ಯಾಕ್ಸಿ ಸಿಗತ್ತೆ, ದೂರ ಇಲ್ಲ. ಮೆಟ್ರೊ ರೈಲಿನ ಕಾಮಗಾರಿಗೆ ಅಂತ ಆ ಪ್ರತಿಮೆಯನ್ನು ಕೆಲವು ವರ್ಷ ಎತ್ತಿಟ್ಟಿದ್ದರು, ಈಗ ಮತ್ತೆ ಅದೇ ಜಾಗದಲ್ಲಿದೆ.